ಪ್ಯಾನೆಲ್ ನೋಡಲು ಬಂದವನು

ಸೂರ್ಯನನ್ನೇ ಗುತ್ತಿಗೆ ಹಿಡಿದ ಅಣ್ಣ ಮಹಾರಾಯನಿಗೆ,

ಈ ಕಾಗದ ಕಳಿಸುವುದಿಲ್ಲ. ಅಷ್ಟು ಮರ್ಯಾದೆ ನಿನಗೆ ಯಾಕೆ? ಮಹಡಿಯ ಮೇಲೆ ಸೋಲಾರ್ ಹಾಕಿಸಿದ ದಿನದಿಂದ ನಿನ್ನ ದರ್ಬಾರು: ಬಟ್ಟೆ ಒಗೆಯುವುದು ಹನ್ನೆರಡಕ್ಕೇ, ಇಸ್ತ್ರಿ ಒಂದಕ್ಕೇ, ಮೋಡ ಬಂದರೆ ಮಿಕ್ಸಿ ಮುಟ್ಟುವಂತಿಲ್ಲ. ಜಗಳವಾಡಿ ನನ್ನೊಬ್ಬಳನ್ನೇ ಬಿಟ್ಟು ಹೋದೆ. ಆದರೆ ಈ ಮನೆಯಲ್ಲಿ ಎಷ್ಟು ಕರೆಂಟು ಓಡುತ್ತಿದೆ ಎಂದು ಮೊಬೈಲಿನಲ್ಲಿ ಇಣುಕುವ ಚಪಲ ಮಾತ್ರ ಬಿಡಲಿಲ್ಲ.

ಮೂರು ದಿನ ಜ್ವರದಲ್ಲಿ ಮಲಗಿದ್ದೆ, ಒಂದು ಸ್ವಿಚ್ಚೂ ಒತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಸೋಲಾರ್ ಮೆಕ್ಯಾನಿಕ್ ಬಾಗಿಲು ತಟ್ಟಿದ.

“ನಿಮ್ಮಣ್ಣ ಫೋನ್ ಮಾಡಿದ್ರಕ್ಕಾ. ಫ್ರಿಜ್ ಬಿಟ್ರೆ ಮನೇಲಿ ಏನೂ ಓಡ್ತಿಲ್ವಂತೆ. ಪ್ಯಾನೆಲ್ ನೋಡ್ಕೊಂಡು ಬಾ ಅಂದ್ರು.”

ಆಹಾ, ಏನು ಕಾಳಜಿ! ಒಂದೂವರೆ ವರ್ಷದಲ್ಲಿ ತಂಗಿಗೆ ಒಂದು ಫೋನಿಲ್ಲ, ಪ್ಯಾನೆಲ್ಲಿಗೆ ಮಾತ್ರ ಮನೆಬಾಗಿಲಿಗೇ ವೈದ್ಯ.

“ಪ್ಯಾನೆಲ್ ಮೇಲಿದೆ, ಹತ್ತಿ ನೋಡು” ಎಂದೆ.

ಅವನು ಹತ್ತಲಿಲ್ಲ. ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದ. “ಡಾಕ್ಟ್ರಿಗೆ ತೋರಿಸಿದ್ರಾ?” ಎಂದು ಕೇಳಿದ. ಹೂಂ ಎಂದೆ. “ಸರಿ ಅಕ್ಕಾ, ನೋಡಿದ್ದಾಯ್ತು” ಎಂದು ಹೊರಟೇಬಿಟ್ಟ.

ಹೇಡಿ! ನೇರವಾಗಿ ಕೇಳಲು ನಿನಗೆ ಬಾಯಿಲ್ಲ.

ಬಟ್ಟೆ ಎತ್ತಿ ಹಾಕುವಷ್ಟೂ ಕೈಯಲ್ಲಿ ಶಕ್ತಿ ಇರಲಿಲ್ಲ. ಆದರೂ ಸರಿಯಾಗಿ ಹನ್ನೆರಡಕ್ಕೆ ಖಾಲಿ ವಾಷಿಂಗ್ ಮೆಷಿನ್ ಆನ್ ಮಾಡಿ, ಅದು ನಿಲ್ಲುವವರೆಗೂ ಪಕ್ಕದಲ್ಲೇ ಕೂತಿದ್ದೆ.