ಎರಡು ಕಂಪನಿಯ ಪ್ರೈಮರ್

ಮಂಗಳವಾರ, ಮಧ್ಯಾಹ್ನ
ವರ್ಕ್‌ಶಾಪಿನ ಮೇಲಿನ ಮನೆ

ನನ್ನ ಕಿಡಿಗೆ,

ಅಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ ಎಂದು ಮೊದಲ ಸಾಲು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಕಾಣುತ್ತಿರಬೇಕು. ಬೇರೆ ಹಾಳೆ ತೆಗೆದುಕೊಳ್ಳೋಣವೆಂದರೆ ಕಪಾಟಿನವರೆಗೆ ಎದ್ದು ಹೋಗಬೇಕು. ಅಷ್ಟು ದೂರ ಹೋಗುವುದೂ ಈಗ ಬೇಡವೆನಿಸುತ್ತದೆ.

ಫೋನು ಕೈಯಲ್ಲಿಟ್ಟುಕೊಂಡು ಕಾಗದ ಯಾಕೆ ಎಂದು ಕೇಳುತ್ತೀಯ. ಫೋನು ಹಚ್ಚಿದರೆ ನಿಮ್ಮಪ್ಪ ಎಲ್ಲಿದ್ದರೂ ಬಂದು ಪಕ್ಕದಲ್ಲಿ ಕೂರುತ್ತಾರೆ. ಅವರಿಲ್ಲದಾಗ ಹಚ್ಚಿದರೆ ಅರ್ಧ ಕೇಳುವಷ್ಟರಲ್ಲೇ ನೀನು ಅಳುತ್ತೀಯ, ನೀನು ಅತ್ತರೆ ಹೇಳಬೇಕಾದ್ದು ಅಲ್ಲೇ ಉಳಿಯುತ್ತದೆ. ಕಾಗದವಾದರೆ ಪೂರ್ತಿ ಓದುತ್ತೀಯ. ಆಮೇಲೆ ಬೇಕಾದಷ್ಟು ಅಳು, ನಾನು ಬೇಡ ಅನ್ನುವುದಿಲ್ಲ.

ಅವರು ಕೆಳಗೆ ಸ್ಟೂಲಿನ ಮೇಲೆ ಕೂತು ಕೆಲಸದವನಿಗೆ ಬೈಯುತ್ತಿರುವುದು ಇಲ್ಲಿಗೆ ಕೇಳಿಸುತ್ತಿದೆ. ಬೈಗುಳ ಕೇಳಿಸುತ್ತಿರುವಷ್ಟು ಹೊತ್ತು ನನಗೆ ಧೈರ್ಯ. ಸದ್ದು ನಿಂತರೆ ಮೆಟ್ಟಿಲವರೆಗೆ ಹೋಗಿ ಇಣುಕಿ ಬರುತ್ತೇನೆ. ಇದೇ ಈಗ ನನ್ನ ದಿನಚರಿ.

ವಿಷಯಕ್ಕೆ ಬರುತ್ತೇನೆ. ಮುಂದಿನ ವಾರದ ಕೊನೆಗೆ ನಿಮ್ಮಪ್ಪನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕುತ್ತಾರೆ. ಬರೀ ಗ್ಯಾಸು, ಒಂದೆರಡು ಟೆಸ್ಟು ಮಾಡಿಸಿದೆವು ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ಟೆಸ್ಟು ಮಾಡಿಸಿದ್ದು ನಿಜ. ಅದರಲ್ಲಿ ಅವರಿಗೆ ಯಾವಾಗಲೋ ಒಮ್ಮೆ ಹಾರ್ಟ್ ಅಟ್ಯಾಕ್ ಆಗಿಹೋಗಿದೆ ಎಂದು ಬಂತು. ಯಾವಾಗ ಎಂದು ಅವರಿಗೂ ಗೊತ್ತಿಲ್ಲ, ಒಂದೇ ಹಾಸಿಗೆಯಲ್ಲಿ ಮಲಗುವ ನನಗೂ ಗೊತ್ತಿಲ್ಲ. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಇದ್ದವರಿಗೆ ನರಗಳು ಮೊಂಡಾಗಿ ಎದೆನೋವೇ ತಿಳಿಯದೆ ಹೋಗಬಹುದಂತೆ. ನಡುವೆ ಒಂದಷ್ಟು ದಿನ ಸುಸ್ತು ಸುಸ್ತು ಅನ್ನುತ್ತಿದ್ದರು. ಈ ವಯಸ್ಸಿನಲ್ಲಿ ಯಾರಿಗೆ ಸುಸ್ತಿಲ್ಲ ಹೇಳು. ನನಗೂ ಸುಸ್ತು ಅಂದೆ. ಇಬ್ಬರೂ ಟೀ ಕುಡಿದು ಸುಮ್ಮನಾದೆವು.

ಗೊತ್ತಾಗಿದ್ದು ಹಲ್ಲಿನ ಡಾಕ್ಟರಿಂದ, ನಗಬೇಡ. ಕೆಳದವಡೆ ಸೆಳೆಯುತ್ತಿದೆ, ಹಲ್ಲು ಕೀಳಿಸಿಬಿಡುತ್ತೇನೆ ಎಂದು ಅಲ್ಲಿಗೆ ಹೋಗಿ ಕುರ್ಚಿಯಲ್ಲಿ ಒರಗಿದ್ದಾರೆ. ಆ ಡಾಕ್ಟರ್ ಹುಡುಗಿ ಬಾಯೊಳಗೆ ದೀಪ ಬಿಟ್ಟು ನೋಡಿದರೆ ಹಲ್ಲು ಗಟ್ಟಿ, ಮನುಷ್ಯ ಮಾತ್ರ ಬೆವತು ತೊಪ್ಪೆ. ಹಲ್ಲಿಗೆ ಕೈಯೇ ಹಾಕದೆ ನೇರ ಇಸಿಜಿಗೆ ಕಳಿಸಿದಳು. ಬದುಕಿದ್ದು ಅವಳ ಪುಣ್ಯದಿಂದ. ನಿಮ್ಮಪ್ಪ ಮಾತ್ರ ಈಗಲೂ, ಹಲ್ಲು ನೋಡೋಕೆ ಬರಲ್ಲ ಆ ಮಗುವಿಗೆ, ಅನ್ನುತ್ತಾರೆ.

ಇನ್ನು ಹೇಳುವುದನ್ನು ಸ್ವಲ್ಪ ಕೂತುಕೊಂಡು ಓದು.

ನೀನು ಆ ಆರೋಗ್ಯದ ಮಾತ್ರೆಗಳ ಅಂಗಡಿಗೆ ಸೇರಿದ ಹೊಸದರಲ್ಲಿ ಅಪ್ಪನಿಗೆ ಒಂದು ಬಾಟಲಿ ಕಳಿಸಿದೆಯಲ್ಲ, ಅದರ ಮೇಲೆ ಆಂಟಿಆಕ್ಸಿಡಂಟ್ ಎಂದು ದಪ್ಪಕ್ಷರದಲ್ಲಿತ್ತು. ಅದೇನು ಮಗಳೇ ಎಂದು ಅವರು ಕೇಳಿದ್ದಕ್ಕೆ, "ಅಪ್ಪಾ, ಇದು ನಿಮ್ಮ ರೆಡ್ ಆಕ್ಸೈಡ್ ಪ್ರೈಮರ್ ಥರಾನೇ, ಒಳಗೆ ತುಕ್ಕು ಹಿಡಿಯೋಕೆ ಬಿಡಲ್ಲ" ಎಂದು ನೀನು ತಮಾಷೆ ಮಾಡಿದ್ದೆ. ನಾನೂ ನಕ್ಕಿದ್ದೆ. ನಿಮ್ಮಪ್ಪ ನಗಲಿಲ್ಲ. ಜೀವಮಾನವಿಡೀ ಗ್ರಿಲ್ಲು, ಗೇಟು ಮಾಡಿದ ಮನುಷ್ಯ. ಬಿಪಿ, ಕೊಲೆಸ್ಟರಾಲು ಎಂದು ಡಾಕ್ಟರು ಹೇಳಿದ್ದು ಅವರಿಗೆ ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೋಗುತ್ತಿತ್ತು. ತಮ್ಮ ಭಾಷೆಯಲ್ಲಿ ಹೇಳಿದವಳು ನೀನೊಬ್ಬಳೇ.

ಮರುದಿನದಿಂದಲೇ ಡಾಕ್ಟರ ಮಾತ್ರೆ ಬಿಟ್ಟಿದ್ದಾರೆ. ಬಾಯಿಗೆ ಹಾಕಿಕೊಂಡಂತೆ ಮಾಡಿ ಅಂಗೈಯಲ್ಲಿಟ್ಟುಕೊಂಡು ಕೆಳಗಿಳಿಯುತ್ತಿದ್ದರು. ಒಂದು ದಿನ ನಾನು ಕಿಟಕಿಯ ಗ್ರಿಲ್ಲೊಂದಕ್ಕೆ ಪ್ರೈಮರ್ ಹೊಡೆಯೋಣವೆಂದು ಮೂಲೆಯ ಹಳೇ ರೆಡ್ ಆಕ್ಸೈಡ್ ಡಬ್ಬದ ಮುಚ್ಚಳ ಎಬ್ಬಿಸಿದರೆ ಒಳಗೆ ಬರೀ ಮಾತ್ರೆ. ಸಕ್ಕರೆಯದು, ಬಿಪಿಯದು, ಕೊಲೆಸ್ಟರಾಲಿನದು, ಎಲ್ಲ ಅಂಟಿಕೊಂಡು ಮುದ್ದೆಯಾಗಿದ್ದವು. ಡಬ್ಬ ಹಿಡಿದುಕೊಂಡು ಹೋಗಿ ಮುಂದೆ ನಿಂತೆ. ಅವರು ಗಾಬರಿಯಾಗಲೇ ಇಲ್ಲ. ನನಗೇ ಪಾಠ ಹೇಳಿದರು.

"ಒಂದೇ ಕಬ್ಬಿಣಕ್ಕೆ ಎರಡು ಕಂಪನಿ ಪ್ರೈಮರ್ ಹೊಡೀತಾರೇನೇ? ಒಂದಕ್ಕೊಂದು ಕಚ್ಚಾಡಿ ಎದ್ದು ಬರುತ್ತೆ. ನಿನಗೆ ನಾನು ಹೇಳ್ಕೊಡಬೇಕಾ?"

ಅವರು ಮಾಡಿದ ಗ್ರಿಲ್ಲಿಗೆಲ್ಲ ಬಣ್ಣ ಹೊಡೆಯುವವಳು ನಾನೇ, ಆ ಮಾತು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಮನುಷ್ಯರ ಮೈ ಗೇಟಲ್ಲ ಎಂದರೆ, ಮತ್ತೆ ಮಗಳು ಸುಳ್ಳು ಹೇಳ್ತಾಳಾ ಎಂದು ನನ್ನ ಬಾಯಿ ಮುಚ್ಚಿಸಿದರು. ಇದಾದ ಕೆಲವೇ ದಿನಕ್ಕೆ ಆ ಹಲ್ಲುನೋವು ಬಂದದ್ದು.

ಕಿಡಿ, ನಿನ್ನ ಮಾತ್ರೆಯಿಂದ ಅವರಿಗೆ ಹೀಗಾಯಿತು ಎಂದು ನಾನು ಹೇಳುತ್ತಿಲ್ಲ. ಹೃದಯದ ಡಾಕ್ಟರಮ್ಮನನ್ನು ಹೊರಗೆ ಕರೆದು ಇದನ್ನೇ ಕೇಳಿದೆ. ರಕ್ತನಾಳ ಇಷ್ಟು ಕಟ್ಟಿಕೊಳ್ಳುವುದು ತಿಂಗಳೊಪ್ಪತ್ತಿನ ಕೆಲಸವಲ್ಲ, ಮಗಳು ಸ್ಕೂಲಿಗೆ ಹೋಗುವಾಗಲೇ ಶುರುವಾಗಿರಬೇಕು ಎಂದರು. ಆ ಬಾಟಲಿಯ ಮಾತ್ರೆಯಿಂದ ದೊಡ್ಡ ಹಾನಿಯಿಲ್ಲ, ಹಾಗೆಂದು ಅದು ಹೃದಯ ಉಳಿಸುತ್ತದೆಂದು ಯಾರೂ ತೋರಿಸಿಲ್ಲ, ಅದೊಂದೇ ಸಾಕೆಂದು ಮಿಕ್ಕಿದ್ದು ಬಿಟ್ಟದ್ದೇ ತಪ್ಪು ಎಂದರು. ಇದು ನಿನ್ನ ಸಮಾಧಾನಕ್ಕೆ ಹುಟ್ಟಿಸಿ ಬರೆದದ್ದಲ್ಲ. ಸುಳ್ಳು ಹೇಳುವಷ್ಟು ತ್ರಾಣ ಈಗ ನನಗಿಲ್ಲ.

ಆ ಡಾಕ್ಟರಮ್ಮ ಒಳ್ಳೆಯವರು. ನಿಮ್ಮಪ್ಪನನ್ನು ಕೂರಿಸಿಕೊಂಡು ನಿಧಾನಕ್ಕೆ ವಿವರಿಸಿದರು. ನಾವು ಎಳೆದುಕೊಳ್ಳುವ ಉಸಿರಿನಿಂದಲೇ ಮೈಯೊಳಗೆ ಪುಂಡ ಕಣಗಳು ಹುಟ್ಟುತ್ತವಂತೆ. ಆರೋಗ್ಯ ಸರಿಯಿದ್ದರೆ ಮೈ ತಾನೇ ಅವುಗಳ ಕಿವಿ ಹಿಂಡಿ ಕೂರಿಸುತ್ತದಂತೆ. ಸಕ್ಕರೆ, ಬಿಪಿ ವರ್ಷಾನುಗಟ್ಟಲೆ ಮನೆ ಮಾಡಿಕೊಂಡರೆ ಪುಂಡರು ಹೆಚ್ಚಿ, ಹಿಂಡುವ ಕೈ ಸೋಲುತ್ತದೆ. ಆಗ ರಕ್ತನಾಳದ ಒಳಗೋಡೆ ಕೆಡುತ್ತದೆ, ಕೆಟ್ಟ ಕಡೆ ಕೊಬ್ಬು ಹತ್ತಿಕೊಳ್ಳುತ್ತದೆ, ದಾರಿ ಸಣ್ಣದಾಗುತ್ತದೆ. ನಿಮ್ಮಪ್ಪ ಎಂದೂ ಇಲ್ಲದ ಹಾಗೆ ಬಾಯಿಬಿಟ್ಟುಕೊಂಡು ಕೇಳಿದರು. ಕೊನೆಗೆ, "ಅಂದ್ರೆ ತುಕ್ಕು" ಎಂದರು. ಡಾಕ್ಟರಮ್ಮನಿಗೆ ಖುಷಿಯಾಗಿ, ಹೌದು, ಹೆಚ್ಚುಕಡಿಮೆ ಹಾಗೇ ಅಂದ್ಕೊಳ್ಳಿ ಎಂದುಬಿಟ್ಟರು. ಅಲ್ಲಿಗೆ ಮುಗಿಯಿತು. ಆಟೋದಲ್ಲಿ ನನ್ನ ಕಡೆ ತಿರುಗಿ, "ನೋಡಿದ್ಯಾ? ಇಷ್ಟು ಓದಿದವರು ಹೇಳಿದ್ದನ್ನ ನನ್ನ ಮಗಳು ಅವತ್ತೇ ಹೇಳಿದ್ಲು" ಎಂದರು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಅದಾದ ಮೇಲೆ ನಾನು ಒಂದು ಕೆಲಸ ಮಾಡಿದ್ದೇನೆ. ನಿನ್ನ ಬಾಟಲಿ ಖಾಲಿ ಮಾಡಿ ಅದರೊಳಗೆ ಡಾಕ್ಟರ ಮಾತ್ರೆ ತುಂಬಿದೆ. ಹೊಸ ಮಾಲು ಬಂದಿದೆಯಂತೆ, ಇನ್ನು ಮೇಲೆ ಹೀಗೆ ಬಿಡಿ ಮಾತ್ರೆಯಂತೆ, ದಿನಾ ಬೆಳಿಗ್ಗೆ ಬೇರೆ ಬೇರೆ ಬಣ್ಣದ್ದು ಒಂದೊಂದು ನುಂಗಬೇಕಂತೆ ಎಂದು ನಿನ್ನ ಹೆಸರಿನಲ್ಲೇ ಹೇಳಿದೆ. ಅವರ ಕಣ್ಣು ಮೊದಲಿನಂತಿಲ್ಲ, ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಸವರಿ ಸವರಿ ನೋಡಿದರು. ಆಮೇಲೆ ನೀರು ಕುಡಿದು ನುಂಗಿದರು. ಅಂದಿನಿಂದ ಒಂದು ಬೆಳಿಗ್ಗೆಯೂ ತಪ್ಪಿಸಿಲ್ಲ. ಸಕ್ಕರೆ ಇಳಿದಿದೆ, ಬಿಪಿ ಇಳಿದಿದೆ. ಹೋದ ಸಲ ಡಾಕ್ಟರಮ್ಮ ಶಹಬ್ಬಾಸ್ ಎಂದರೆ ನಿಮ್ಮಪ್ಪ ಎದೆಯುಬ್ಬಿಸಿ, ಎಲ್ಲಾ ನನ್ನ ಮಗಳ ಮಾತ್ರೆ ಎಂದರು. ನಾನು ಗೋಡೆಯ ಮೇಲಿನ ಚಿತ್ರ ನೋಡುತ್ತಾ ಕೂತೆ.

ಆಮೇಲೆ ಡಾಕ್ಟರಮ್ಮನಿಗೆ ಎಲ್ಲ ಒಪ್ಪಿಸಿದೆ. ಮೊದಲು ನಕ್ಕರು, ಆಮೇಲೆ ಸರಿಯಾಗಿ ಬೈದರು. ತನ್ನ ಹೊಟ್ಟೆಗೆ ಏನು ಹೋಗುತ್ತಿದೆ ಎಂದು ಮನುಷ್ಯನಿಗೆ ಗೊತ್ತಿರಬೇಕು ಎಂದರು. ಅದಕ್ಕಿಂತ ಹೆಚ್ಚಾಗಿ, ಸ್ಟೆಂಟ್ ಹಾಕಿದ ಮೇಲೆ ಈ ಆಟ ನಡೆಯುವುದಿಲ್ಲವಂತೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ಬೆಳಿಗ್ಗೆಯೂ ಇದೆ, ಸಂಜೆಯೂ ಇದೆ, ಒಂದು ಹೊತ್ತೂ ತಪ್ಪುವಂತಿಲ್ಲ. ತಪ್ಪಿದರೆ ಸ್ಟೆಂಟಿನೊಳಗೇ ರಕ್ತ ಗಟ್ಟಿಯಾಗಿ ದಾರಿ ಮುಚ್ಚಿಕೊಳ್ಳಬಹುದು, ಆಮೇಲೆ ಆಸ್ಪತ್ರೆ ತಲುಪುವಷ್ಟೂ ಪುರಸೊತ್ತು ಸಿಗಲಿಕ್ಕಿಲ್ಲ. ನಾಳೆ ನಾನು ಜ್ವರ ಬಂದು ಮಲಗಿದರೆ ಬಾಟಲಿ ತುಂಬುವವರು ಯಾರು? ಅವರಿಗೇ ಗೊತ್ತಿದ್ದು, ಅವರೇ ಒಪ್ಪಿ ನುಂಗಬೇಕು.

ನನ್ನ ಮಾತು ಅವರು ಕೇಳುವುದಿಲ್ಲ. ನಿನ್ನದು ಕೇಳುತ್ತಾರೆ. ಅದಕ್ಕೇ ಈ ಕಾಗದ. ನೀನು ನಿನ್ನ ಕೈಯಾರೆ ಅವರಿಗೆ ಬರೆಯಬೇಕು. ಅವರ ಭಾಷೆಯಲ್ಲೇ ಬರಿ. ಹೋದ ತಿಂಗಳು ಒಂದು ಗೇಟು ವಾಪಸ್ ಬಂದಿತ್ತು. ನಾವು ಆಸ್ಪತ್ರೆಗೆ ಅಲೆಯುತ್ತಿದ್ದಾಗ ಕೆಲಸದವನು ತುಕ್ಕು ಕೆರೆಯದೆ, ಉಪ್ಪುಕಾಗದ ಮುಟ್ಟಿಸದೆ, ಮೇಲಿಂದ ಮೇಲೆ ಪ್ರೈಮರ್ ಬಳಿದು ಕೊಟ್ಟಿದ್ದ. ಹೊರಗೆ ಮದುಮಗಳ ಹಾಗೆ ಹೊಳೆಯುತ್ತಿದ್ದ ಗೇಟು ಒಳಗೊಳಗೇ ಬೊಕ್ಕೆಯೆದ್ದು ಬಂತು. ನಿಮ್ಮಪ್ಪ ಅವನ ಜನ್ಮ ಜಾಲಾಡಿದರು. ಕೆರೆಯದೆ ಬಳಿದರೆ ಯಾವ ಕಂಪನಿ ಪ್ರೈಮರ್ ಆದ್ರೂ ಅಷ್ಟೆ ಕಣೋ ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದರು. ಬ್ರಷ್ ಹಿಡಿದು ನಿಂತಿದ್ದ ನನಗೆ, ಇದೇ ಮಾತಲ್ಲವೇ ಇವರಿಗೆ ಹೇಳಬೇಕಾದದ್ದು ಅನ್ನಿಸಿತು. ಹೇಳಲು ಬಾಯಿ ತೆರೆದೆ. ನನ್ನಿಂದ ಬಂದರೆ ಅದು ಜಗಳವಾಗುತ್ತದೆ ಎಂದು ಸುಮ್ಮನಾದೆ.

ಹಾಗಾಗಿ ನೀನು ಬರಿ: ಅಪ್ಪಾ, ನಾನು ಕಳಿಸಿದ್ದು ಮೇಲೆ ಬಳಿಯುವಂಥದ್ದು ಅಷ್ಟೆ, ಅದೂ ಬೇಕೇಬೇಕು ಅಂತಿಲ್ಲ, ಕೆರೆಯುವ ಕೆಲಸ ಡಾಕ್ಟರ ಮಾತ್ರೆಯದು ಎಂದು. ನೀನು ಹೇಳಿದ್ದು ತಪ್ಪಾಯಿತೆಂದು ಬರೆಯಬೇಕಾಗುತ್ತದೆ. ಅಂಗಡಿಯಲ್ಲಿ ನಿನಗೆ ಹೇಳಿಕೊಟ್ಟ ಮಾತಿಗೆ ನೀನೇ ಎದುರು ಬರೆಯುವುದು ಕಷ್ಟ, ನನಗೆ ತಿಳಿಯುತ್ತದೆ. ಆದರೂ ಬರಿ.

ನನ್ನ ಬಗ್ಗೆ ಕೇಳಬೇಡ. ನನಗೆ ಕಾಯಿಲೆಯೇನಿಲ್ಲ. ಒಬ್ಬರ ಉಸಿರಿಗೆ ಕಿವಿ ಕೊಟ್ಟುಕೊಂಡು ದಿನವಿಡೀ ಕೆಲಸ ಮಾಡಿದರೆ ಆಗುವ ಆಯಾಸ, ಅಷ್ಟೆ. ಅವರ ಜೊತೆ ಜಗಳವಾಡಿ ಎಷ್ಟೋ ಕಾಲವಾಯಿತು. ಜಗಳವಾಡಿದರೆ ಅವರ ಎದೆಗೆ ಏನಾಗುತ್ತದೋ ಎಂದು ಎಲ್ಲ ನುಂಗಿಕೊಳ್ಳುತ್ತೇನೆ. ಮನಸ್ಸು ಬಿಚ್ಚಿ ಒಂದು ಸಲ ಬೈಯುವುದಕ್ಕಾದರೂ ಅವರು ಗಟ್ಟಿಯಾಗಲಿ ಎಂದು ಆಸೆ.

ಕೆಳಗೆ ಸದ್ದು ನಿಂತಿದೆ. ನೋಡಿ ಬರುತ್ತೇನೆ.

ನಿನ್ನ ದಾರಿ ಕಾಯುವ,
ಅಮ್ಮ

ಮತ್ತೆ ಬರೆದದ್ದು: ನಾನು ಕೆಳಗಿಳಿದರೆ ಸ್ಟೂಲು ಖಾಲಿ. ಹಿಂದಿನ ಬಾಗಿಲಿಂದ ಸುತ್ತಿ ನೀರು ಕುಡಿಯಲು ಮೇಲೆ ಬಂದಿದ್ದರಂತೆ. ನಾನು ಏದುಸಿರು ಬಿಡುತ್ತಾ ವಾಪಸ್ ಬಂದಾಗ ನನ್ನ ಕನ್ನಡಕ ಹಾಕಿಕೊಂಡು ಈ ಕಾಗದವನ್ನೇ ಓದುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪೂರ್ತಿ ಓದಿ ಕನ್ನಡಕ ತೆಗೆದು, "ಈ ಬೆರಳಿಗೆ ವೆಲ್ಡಿಂಗ್ ಗಂಟು ಗೊತ್ತಾಗುತ್ತೆ, ಮಾತ್ರೆ ಗೊತ್ತಾಗಲ್ವೇನೇ?" ಎಂದರು. ಮೊದಲ ದಿನವೇ ತಿಳಿದಿತ್ತಂತೆ. ಡಾಕ್ಟರ ಮಾತು ಸರಿಯೆಂದು ಆ ಗೇಟು ಬರುವ ಮೊದಲೇ, ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾಗಲೇ ಅನ್ನಿಸಿತ್ತಂತೆ. ಮತ್ತೆ ಯಾಕೆ ಈ ನಾಟಕ ಎಂದು ಕೇಳಿದೆ. "ತನ್ನ ಮಾತು ಕೇಳಿ ಅಪ್ಪ ಸಾಯೋಕೆ ಹೋಗಿದ್ದ ಅಂತ ಆ ಮಗುವಿಗೆ ಗೊತ್ತಾಗೋದು ಬೇಡ ಅಂತ" ಎಂದರು. ಈ ಕಾಗದ ಹಾಕಬೇಡ ಎಂದು ಕೈ ಹಿಡಿದುಕೊಂಡರು.

ಹಾಕುತ್ತಿದ್ದೇನೆ. ನಿನ್ನಿಂದ ಮುಚ್ಚಿಡಲು ಅವರು, ಅವರಿಂದ ಮುಚ್ಚಿಡಲು ನಾನು, ಸಾಕಾಗಿದೆ ನನಗೆ. ಇಷ್ಟು ದಿನದ ಮೇಲೆ ಇವತ್ತು ಅವರಿಗೆ ಚೆನ್ನಾಗಿ ಬೈದೆ. ಏನೂ ಆಗಲಿಲ್ಲ, ತಲೆ ತಗ್ಗಿಸಿ ಕೇಳಿಸಿಕೊಂಡು, ಸ್ಟೆಂಟ್ ಆದ ಮೇಲೆ ಸಂಜೆಯ ಮಾತ್ರೆ ಎಷ್ಟು ಗಂಟೆಗೆ ಎಂದು ಕೇಳಿದರು. ಅವರಿಗೆ ಬರೆಯುವ ಕಾಗದ ಇನ್ನು ಬೇಡ. ಸ್ಟೆಂಟ್ ಹಾಕುವ ದಿನ ನೀನೇ ಬಾ. ಬಾಟಲಿ ಗೀಟಲಿ ಏನೂ ತರಬೇಡ, ಕೈ ಬೀಸಿಕೊಂಡು ಬಾ.