ಖಳರು, ಭಾಗ ಮೂರು

೭ ಜುಲೈ ೨೦೨೫, ಸೋಮವಾರ

ಮುಂಜಾನೆ ತಿಕೋಟಾ ಟ್ರಿಪ್. ಸಾಲಿ ಹುಡುಗ್ರು ಬಾಗಲದಾಗ ಜೋತು ಬಿದ್ದಿದ್ವು. ಒಳಗ ಬರ್ರಲೇ ಅಂದ್ರ ಹಲ್ಲು ಕಿಸೀತಾವ. ಸೀಟಿ ಊದಿದೆ. ಡ್ರೈವರ್ ಗುಡುಸಾಬಣ್ಣ ಎಂಜಿನ್ನೇ ಬಂದ್ ಮಾಡಿ ಕೈ ಕಟಗೊಂಡು ಕುಂತ. ಎಲ್ಲಾ ಒಳಗ ಬಂದ್ವು. ಅಣ್ಣಂದೂ ನಂದೂ ಆರು ವರ್ಷದ ಜೋಡಿ, ಬಾಯಿ ಬಿಟ್ಟು ಹೇಳೂದೇ ಬೇಕಾಗಿಲ್ಲ.

ಒಬ್ಬಾಕಿ ಮುದುಕಿ ಆಧಾರ ಕಾರ್ಡ್ ಮನ್ಯಾಗ ಬಿಟ್ಟು ಬಂದಿದ್ಲು. ಅದಿಲ್ಲದ ಫ್ರೀ ಟಿಕೆಟ್ ಹೆಂಗ ಕೊಡ್ಲಿಬೇ ಅಂದೆ. "ನನ್ನ ಮಾರಿ ನೋಡಿದ್ರ ಹೆಣ್ಣಮಗಳು ಅನಸೂದಿಲ್ಲೇನು ನಿನಗ?" ಅಂದ್ಲು. ಇಡೀ ಬಸ್ಸು ನಕ್ತು. ನಾನೂ ನಕ್ಕೆ.

ಬಸ್ಸಿನ್ಯಾಗ ಅರವತ್ತು ಮಂದಿ ನನ್ನ ಮಾತು ಕೇಳತಾರ. ಮನ್ಯಾಗ ಹನ್ನೊಂದು ವರ್ಷದ ಒಂದು ಹುಡುಗಿ... ಇಲ್ಲ, ಹಂಗ ಬರದ್ರ ತಪ್ಪಾಕ್ಕೈತಿ. ಪೂನಮ ಹೇಳಿದ್ದೆಲ್ಲ ಮಾಡತಾಳ. ಆದ್ರ ನನ್ನ ಏನಂತನೂ ಕರಿಯೂದಿಲ್ಲ. ಅವ್ವ ಇಲ್ಲ, ಚಿಗವ್ವ ಇಲ್ಲ, ಆಂಟಿನೂ ಇಲ್ಲ. ಇವತ್ತ ಅಡಿಗಿ ಮನಿ ಬಾಗಲದಾಗ ನಿಂತು "ಉಪ್ಪು ಕೊಡ್ರಿ" ಅಂದ್ಲು, ಕಿರಾಣಿ ಅಂಗಡ್ಯಾಗ ಕೇಳಿದಂಗ. ಕೊಟ್ಟೆ. ಲಗ್ನಾಗಿ ಎರಡು ತಿಂಗಳಾತು.

೧೦ ಜುಲೈ, ಗುರುವಾರ

ಇವತ್ತ ರಜಾ. ಹುಡುಗಿ ಸಾಲಿಗೆ ಹ್ವಾದ ಮ್ಯಾಲ ಆಕಿ ಪುಸ್ತಕ ಕೈಯಾಗ ಹಿಡಿದೆ. ದಿನಾ ಊಟದ ಮುಂದೂ ಬಿಡೂದಿಲ್ಲಲ್ಲ, ಅಂಥಾದ್ದೇನೈತಿ ಅಂತ. 'ಏಳನೇ ಕಕ್ಷೆಯ ಖಳರು', ಭಾಗ ಒಂದು, ಭಾಗ ಎರಡು. ದಪ್ಪ ದಪ್ಪ. 'ಏಳನೇ ಕಕ್ಷೆ' ಟೀವಿ ಧಾರಾವಾಹಿ. ಇವರು ಸಣ್ಣವರಿದ್ದಾಗಿಂದ ಬರಾಕತ್ತೈತಿ, ಇನ್ನೂ ಮುಗಿದಿಲ್ಲ. (ಇವರು ಅಂದ್ರ ಧರ್ಮರಾಜ. ಹೆಸರು ಬರಿಯಾಕ ಇನ್ನೂ ನಾಚಿಗಿ, ಮೂವತ್ತಾರು ವಯಸ್ಸಿನ್ಯಾಗ.) ಒಂದು ಹಡಗ, ಆಕಾಶದಾಗ ತಿರಗತೈತಿ. ಅದಕ್ಕೊಬ್ಬ ಕ್ಯಾಪ್ಟನ್. ಅವರ ಮ್ಯಾಲ ಬೀಳೂ ದುಷ್ಟರದ್ದೆಲ್ಲ ಈ ಪುಸ್ತಕದಾಗ ಒಬ್ಬೊಬ್ಬರದೊಂದು ಪುಟ. ಫೋಟೋ. ಊರು. ಅಸ್ತ್ರ. ದೌರ್ಬಲ್ಯ. ಕಡೀಕ ದಪ್ಪ ಅಕ್ಷರದಾಗ — 'ಮರಳಿ ಬಂದದ್ದು', ಎಷ್ಟು ಸಲ ಅಂತ.

ಅತ್ತಿ ನೋಡಿ ನಕ್ರು. "ಈ ಮನ್ಯಾಗ ನಾನು ಶೂನ್ಯರಾಣಿ, ಗೊತ್ತೇನ ನಿನಗ?" ಅಂದ್ರು. ಹುಡುಕಿ ಪುಟಾನೂ ತೋರಿಸಿದ್ರು. ಶೂನ್ಯರಾಣಿ: ಕಂಡ ಬೆಳಕನ್ನೆಲ್ಲ ನುಂಗುವವಳು. ಖರೇನ. ನಮ್ಮ ಅತ್ತಿ ಪರಸವ್ವ, ನಾವು ಊಟಕ್ಕ ಕುಂತಾಗೂ ಕರೆಂಟ್ ಬಿಲ್ ಅಂತ ಲೈಟ್ ಆರಸತಾರ. ಇವರಿಗಿಟ್ಟ ಹೆಸರು ಸಾಮ್ರಾಟ ಝೋರಗ, ನೂರು ಕಣ್ಣಿದ್ರೂ ಮುಂದಿನದು ಕಾಣದಾಂವ. ನಿನ್ನೆನೂ ಚಷ್ಮಾ ತಲಿ ಮ್ಯಾಲ ಇಟಗೊಂಡು ಅಂಗಡಿ ತುಂಬ ಹುಡಿಕ್ಯಾರ. ಬೆಕ್ಕು ಡಾಕ್ಟರ್ ನಿಶಾ.

ತನ್ನವರು ಅನಿಸಿದವರಿಗಷ್ಟ ಪೂನಮ ಹೆಸರಿಡತಾಳಂತ.

ಬೆಕ್ಕಿಗೂ ಐತಿ. ನನಗಿಲ್ಲ.

ಲಗ್ನದ ದಿನ ಓಣ್ಯಾಗಿನ ಹೆಂಗಸ್ರು ಅಂದಿದ್ರು — ಮಲತಾಯಿ ಕಾಟ ಕೊಡಬ್ಯಾಡವಾ ಕೂಸಿಗೆ. ಆ ಮಾತು ಎದ್ಯಾಗ ನಟ್ಟು, ಎಲ್ಲೆ ದುಷ್ಟಳಾಗ್ತೇನೋ ಅಂತ ಅಂಜಿ ಅಂಜಿ ಬಾಳೇ ಮಾಡಾಕತ್ತೇನಿ. ಈಗ ನೋಡಿದ್ರ ಆ ಜಾಗಾ ನನಗ ಕೊಡೂದಿಲ್ಲಂತ. ನಗಬೇಕೋ ಅಳಬೇಕೋ.

೨೦ ಜುಲೈ, ರವಿವಾರ

ಸೊಲ್ಲಾಪುರ ರಸ್ತೆ. ಇವರ ಅಂಗಡಿಗೆ ಬುತ್ತಿ ಒಯ್ದಿದ್ದೆ. ನಂಬರ್ ಪ್ಲೇಟಿಗೆ ರೇಡಿಯಂ ಹಚ್ಚಾಕತ್ತಿದ್ರು. ಕೇಳೇಬಿಟ್ಟೆ — ಪೂನಮಳ ಅವ್ವಗ ಏನ ಹೆಸರಿತ್ತು?

ಕೈ ನಿಂತ್ವು. ಆ ಆಟ ಕಲಿಸಿದ್ದೇ ಆಕಿ ಅಂತ. ಎರಡೂ ಭಾಗ ಕೊಡಿಸಿದ್ದೂ ಆಕಿ. ತಾನು ಮಾತ್ರ ಕ್ಯಾಪ್ಟನ್. "ನಿಮ್ಮಂಥಾ ದುಷ್ಟರನ್ನ ಆಳಾಕ ಒಬ್ಬಾಕಿ ಬೇಕಲ್ಲ" ಅಂತಿದ್ಲಂತ. ಮೂರು ವರ್ಷದ ಹಿಂದ ಹೊಟ್ಟಿ ಬ್ಯಾನಿ ಅಂತ ಸೊಲ್ಲಾಪುರ ದವಾಖಾನಿಗೆ ಒಯ್ದ್ರು. ಬರೂಮುಂದ ಭಾಗ ಮೂರು ತರತೇನಿ ಅಂತ ಮಗಳಿಗೆ ಹೇಳಿ ಹೋಗಿದ್ಲು.

ರೊಟ್ಟಿ ಹಂಗ ಉಳದ್ವು. ನಾನೂ ಒತ್ತಾಯ ಮಾಡ್ಲಿಲ್ಲ.

ಬಸ್‌ಸ್ಟ್ಯಾಂಡ್ ತನಕ ಅದ ವಿಚಾರ. ಧಾರಾವಾಹ್ಯಾಗ ಕ್ಯಾಪ್ಟನ್ ಬದಲಾಗ್ತಾರಲ್ಲ? ಒಬ್ಬರು ಹ್ವಾದ್ರ ಇನ್ನೊಬ್ಬರು ಬರ್ತಾರಲ್ಲ? ಹಂಗಾದ್ರ ಆ ಜಾಗಾ ಖಾಲಿ ಐತಿ.

೩ ಆಗಸ್ಟ್, ರವಿವಾರ

ಪೂನಮಳ ಬರ್ತ್‌ಡೇ. ಹನ್ನೆರಡು ತುಂಬಿದ್ವು. ಕೆಟ್ಟೆ ನಾ ಇವತ್ತ.

ಹೊಸ ಪುಸ್ತಕ ತರಿಸಿದ್ದೆ, 'ಏಳನೇ ಕಕ್ಷೆಯ ಕ್ಯಾಪ್ಟನ್‌ಗಳು'. ಬಣ್ಣದ ಕಾಗದ ಸುತ್ತಿ ಕೊಟ್ಟೆ. ಎಲ್ಲಾರ ಮುಂದ, ಕೇಕ್ ಕೊಯ್ಯೂಮುಂದ, ದೊಡ್ಡ ಜೋಕ್ ಮಾಡಿದವರಂಗ ನಕ್ಕೋತ — "ಇನ್ನ ಮ್ಯಾಲ ಈ ಮನಿ ಕ್ಯಾಪ್ಟನ್ ನಾನ ನೋಡು."

ಹುಡುಗಿ ಮಾರಿ ಬಿಳಚಿಕೊಂಡ್ತು. ಕೇಕಿನ ಪ್ಲೇಟ್ ಕೆಳಗಿಟ್ಲು. "ಕ್ಯಾಪ್ಟನ್ ಬ್ಯಾಡ." ಅಷ್ಟ ಅಂದು ಒಳಗ ಹೋಗಿ ಕದಾ ಹಾಕ್ಕೊಂಡ್ಲು. ಅತ್ತಿ ನನ್ನ ಕಡೆ ನೋಡಿದ್ರು, ಬೈಲಿಲ್ಲ. ಬೈದಿದ್ರ ಚೊಲೊ ಇತ್ತು.

ಸತ್ತಾಕಿ ಖುರ್ಚಿ ಮ್ಯಾಲ ಹೋಗಿ ಕುಂತಂಗಾತು. ನಾಲಗಿ ಸುಡ್ಲಿ.

೪ ಆಗಸ್ಟ್, ಸೋಮವಾರ

ಬಬಲೇಶ್ವರ ಎರಡು ಟ್ರಿಪ್. ಏನೂ ಬರಿಯಾಕ ಮನಸಿಲ್ಲ.

೧೭ ಆಗಸ್ಟ್, ರವಿವಾರ

ತಿಕೋಟಾದಾಗ ನನ್ನ ತವರು. ಅವ್ವ ಒಣದ್ರಾಕ್ಷಿ ಆರಿಸಿಟ್ಟಾಳಂತ, ಮೊಮ್ಮಗಳನ್ನ ಕರಕೊಂಡು ಬಾ ಅಂತ ಫೋನ್. ಡ್ಯೂಟಿ ಬಸ್ಸಿನ್ಯಾಗ ಪೂನಮನ್ನ ಕರಕೊಂಡು ಹ್ವಾದೆ. ಮುಂದ, ಡ್ರೈವರ್ ಬಾಜೂಕ ಕುಂಡ್ರಿಸಿದೆ. ತೊಡಿ ಮ್ಯಾಲ ಭಾಗ ಒಂದು.

ಗುಡುಸಾಬಣ್ಣ ಸುಮ್ಮನಿರೂ ಪೈಕಿ ಅಲ್ಲ. "ಯಾಕ ಬೇ ಪೂನಮ, ಒಳ್ಳೇವ್ರನ್ನ ಬಿಟ್ಟು ಈ ಕಳ್ಳಸೂಳೆಮಕ್ಕಳ್ನ ಯಾಕ ಓದ್ತಿ?" ಅಂದ. ನಾ ಹಿಂದ ಟಿಕೆಟ್ ಹರಿಯಾಕತ್ತಿದ್ದೆ. ಎರಡು ಸೀಟ್ ದೂರ. ಎಲ್ಲಾ ಕೇಳಸ್ತು.

"ಕಾಕಾ, ಕ್ಯಾಪ್ಟನ್ ಸತ್ರ ಹೊಸ ಕ್ಯಾಪ್ಟನ್ ಬರ್ತಾರ. ಸತ್ತವ್ರು ಬರೂದಿಲ್ಲ. ಖಳರು ಹಂಗಲ್ಲ. ಎಷ್ಟ ಸಲ ಸತ್ರೂ ತಿರಗಿ ಬರ್ತಾರ."

ಅಣ್ಣ ಹೂಂ ಅಂದ.

"ಅವ್ವಗ ಕ್ಯಾಪ್ಟನ್ ಅಂತ ಅನಬಾರದಾಗಿತ್ತು ನಾನು. ತಪ್ಪಾತು."

ಮಷೀನ್ ಹಿಡಕೊಂಡು ನಿಂತಲ್ಲೇ ನಿಂತೆ. ಸೀಟಿ ಊದೂದು ಮರತೆ, ಒಂದು ಸ್ಟಾಪ್ ದಾಟಿ ಹೋತು. ಇಳಿಯಾವ ಒಬ್ಬ ರೈತ ಒದರಾಕತ್ತಿದ್ದ — ಕಂಡಕ್ಟರಮ್ಮ, ಎಲ್ಲೈತ್ರಿ ಧ್ಯಾನ ಅಂತ. ಬೈಸಿಕೊಂಡೆ. ಅಣ್ಣ ಕನ್ನಡ್ಯಾಗ ನನ್ನ ನೋಡಿದ, ಕಣ್ಣು ವರಸಿಕೊಂಡ.

ಮೂರು ವರ್ಷದಿಂದ ಈ ಕೂಸು ಇಂಥಾ ಹೊರಿ ಹೊತಗೊಂಡು ತಿರಗೇತಿ. ಯಾರಿಗೂ ಗೊತ್ತಿಲ್ಲ. ನಿಂದೇನೂ ತಪ್ಪಿಲ್ಲವಾ ಅಂತ ಅಪ್ಪಿ ಹೇಳಬೇಕು ಅನಿಸ್ತು. ಯಾವ ಅಧಿಕಾರಲೇ ಹೇಳ್ಲಿ ನಾನು?

ಇವರಿಗೆ ಹೇಳಿದೆ. ಸಂಜಿಕೆ ಮಗಳನ್ನ ಬಾಜೂಕ ಕುಂಡ್ರಿಸಿಕೊಂಡು ಬಾಳೊತ್ತು ಮಾತಾಡಿದ್ರು. ಏನ ಅಂದ್ರೋ ಗೊತ್ತಿಲ್ಲ, ಹುಡುಗಿ ಅತ್ತದ್ದು ಕೇಳಿಸ್ತು. ಆಮ್ಯಾಲ ಅಪ್ಪ ಮಗಳು ಕೂಡಿ ದ್ರಾಕ್ಷಿ ತಿಂದ್ರು.

೩೧ ಆಗಸ್ಟ್, ರವಿವಾರ

ಸಿಕ್ತು. ಭಾಗ ಮೂರು.

ಅಚ್ಚು ನಿಂತು ಎಷ್ಟೋ ವರ್ಷಾತಂತ. ಹಳೇ ಪುಸ್ತಕದ ಅಂಗಡಿ ಅಕೀಬಗ ಹೇಳಿಟ್ಟಿದ್ದೆ. ಅಂವ ರದ್ದಿ ಮೂಟಿ ಬಿಚ್ಚಿದಾಗೆಲ್ಲ ನನ್ನ ನೆನಸಾಕತ್ತಿದ್ದನಂತ, ಎಲ್ಲೆ ಬಂದು ಬೈತಾಳೋ ಅಂತ. ರಟ್ಟಿಲ್ಲ, ಮೂಲಿ ಇಲಿ ಕಡದೈತಿ. ಒಳಗಿನ ಪುಟ ಎಲ್ಲಾ ಅದಾವ.

ಈ ಸಲ ಬಣ್ಣದ ಕಾಗದ ಇಲ್ಲ, ಭಾಷಣ ಇಲ್ಲ. ಒಂದು, ಎರಡರ ಬಾಜೂಕ ಇಟ್ಟು ಹೊರಗ ಬಂದೆ.

ಸಾಯಂಕಾಲ ನೋಡಿದ್ಲು. ನೋಡಿದ್ದು ನಾ ನೋಡೇನಿ. ಮುಟ್ಟಲಿಲ್ಲ.

೭ ಸೆಪ್ಟೆಂಬರ್, ರವಿವಾರ

ಇನ್ನೂ ಮುಟ್ಟಿಲ್ಲ. ಅವ್ವ ತರತೇನಿ ಅಂದಿದ್ದ ಪುಸ್ತಕ ಬ್ಯಾರೆಯವರು ತಂದಿಟ್ರ ಹೆಂಗ ಮುಟ್ಟತಾಳ? ನನಗ ಇದು ಮೊದಲ ತಿಳೀಬೇಕಾಗಿತ್ತು. ಧೂಳು ಕುಂತೈತಿ. ವರಸಾಕ ಕೈ ಬರವಲ್ದು.

ನನಗ ಆ ಹುಡುಗಿ ಬೇಕು. ಆಕಿ ಅಪ್ಪನ ಹೇಂತಿ ಅಂತ ಅಲ್ಲ. ಆಕಿ ಚಾದಾಗ ಬಿಸ್ಕೀಟು ಮುಣಗಿಸಿ ಹುಡುಕೂದು ನೋಡಿದ್ರ ನಾನ ಎದ್ದು ಚಮಚಾ ತಂದು ಕೊಡತೇನಿ. ಬರದೇಬಿಟ್ಟೆ. ಯಾರು ಓದ್ತಾರ ಇದನ್ನ.

೧೧ ಸೆಪ್ಟೆಂಬರ್, ಗುರುವಾರ — ಮಮದಾಪುರ

ಮಧ್ಯಾಹ್ನದ ಟ್ರಿಪ್ ತಂದು ಸಿಕ್ಕೊಂಡೇವಿ. ಎರಡು ದಿನದ ಮಳಿ, ಕೆರಿ ತುಂಬಿ ದಂಡಿ ಹತ್ತೈತಿ. ಅತ್ತ ಸಾರವಾಡ ಹತ್ರ ಡೋಣಿ ಹೊಳಿ ರಸ್ತೆ ಮ್ಯಾಲ ಬಂದು ದಾರಿ ಬಂದ್. ತಿಕೋಟಾ ಸುತ್ತಿ ಹೋಗೂಣಂದ್ರ ಆ ಕಡೆ ಹಳ್ಳ ಬಂದೈತಂತ. ನನಗ ಒಬ್ರು ಟೀಚರ್ ಮನ್ಯಾಗ ಜಾಗಾ ಕೊಟ್ಟಾರ. ಅಣ್ಣ ಬಸ್ಸಿನ್ಯಾಗ.

ಸಂಜಿಮುಂದ ಮನಿಗೆ ಫೋನ್ ಹತ್ತಿತ್ತು. ಎತ್ತಿದಾಕಿ ಪೂನಮ. "ಇವತ್ತ ಬರಾಕ ಆಗಾಂಗಿಲ್ಲ" ಅಂದೆ. ಮುಂದಿಂದು ಹೇಳೂದ್ರಾಗ ಕಟ್ ಆತು. ಆಮ್ಯಾಲ ಟವರೇ ಇಲ್ಲ.

ಈಗ ನೆನಪಾಕ್ಕೈತಿ. ಸೊಲ್ಲಾಪುರದಿಂದ ಇವರು ಫೋನ್ ಮಾಡಿದಾಗ ಇದೇ ಮಾತು ಅಂದಿದ್ರಂತ ಮಗಳಿಗೆ. ಅವ್ವಗ ಇವತ್ತ ಬರಾಕ ಆಗಾಂಗಿಲ್ಲ.

ಟೀಚರ್ ಊಟಕ್ಕ ಕರದ್ರು. ಫೋನ್ ಹಿಡಕೊಂಡು ಮಾಳಿಗಿ ಹತ್ತಿದೆ, ಟವರ್ ಹುಡುಕಾಕ.

೧೨ ಸೆಪ್ಟೆಂಬರ್, ಶುಕ್ರವಾರ

ಮಳಿ ನಿಂತೈತಿ. ನೀರು ಇಳಿದಿಲ್ಲ. ನಡಕೋತ ಹೋಗ್ಲೇನ ಅಣ್ಣಾ ಅಂದೆ. "ಹುಚ್ಚಿ ಅದೀಯೇನ ತಂಗಿ, ಆ ಹುಡುಗಿಗೆ ನೀ ಜೀವಂತ ಬೇಕು" ಅಂದ. ಬೇಕೋ ಬ್ಯಾಡೋ. ಸುಮ್ಮನ ಕುಂತೇನಿ.

೧೩ ಸೆಪ್ಟೆಂಬರ್, ಶನಿವಾರ

ಬಂದೆ. ಮನ್ಯಾಗ ಅದೀನಿ.

ನೀರು ಇಳದಂಗ ಮೊದಲ ಬಸ್ಸು ನಮ್ಮದ ದಾಟ್ತು. ಡಿಪೋದಾಗ ಮಷೀನ್ ಒಪ್ಪಿಸಿ, ಆಟೋ ಹಿಡದು ಇಬ್ರಾಹಿಂಪುರ. ಓಣಿ ಹೊಳ್ಳಿದ ಕೂಡ್ಲೆ ಕಂಡದ್ದು, ಹಾಡಹಗಲೇ ನಮ್ಮನಿ ಲೈಟ್ ಎಲ್ಲಾ ಹತ್ಯಾವ. ಕಟ್ಟಿ ಮ್ಯಾಲ ಪೂನಮ. ತೊಡಿ ಮ್ಯಾಲ ರಟ್ಟಿಲ್ಲದ ಪುಸ್ತಕ.

ಎದ್ದು ನಿಂತ್ಲು. ಓಡಿ ಬರ್ಲಿಲ್ಲ. ನಾ ಹತ್ರ ಹ್ವಾದ ಮ್ಯಾಲ ನನ್ನ ಖಾಕಿ ತೋಳು ಮುಟ್ಟಿ ನೋಡಿದ್ಲು. "ಹಸೀ ಐತಿ" ಅಂದ್ಲು. ಒಳಗ ಹೋಗಿ ಟವೆಲ್ ತಂದ್ಲು.

ಎರಡು ರಾತ್ರಿ ಲೈಟ್ ಆರಸಾಕ ಬಿಟ್ಟಿಲ್ಲಂತ. ದಾರಿ ಕಾಣೂದಿಲ್ಲ ಅಂತ ಅತ್ತಳಂತ. ಶೂನ್ಯರಾಣಿ ಬಿಲ್ಲಿನ ಮಾತ ತಗದಿಲ್ಲ. ನಿನ್ನೆಯಿಂದ ಭಾಗ ಮೂರು ಹಿಡಕೊಂಡು ಕುಂತಾಳ, ಏನೋ ಹುಡುಕಾಕತ್ತಾಳ ಅಂದ್ರು ಅತ್ತಿ.

ಊಟಾದ ಮ್ಯಾಲ ನನ್ನ ಬಾಜೂಕ ಬಂದು ಕುಂತ್ಲು. ತಾನಾಗೇ. ಒಂದು ಪುಟ ತಗದು ಜೋರಲೆ ಓದಿದ್ಲು, ಸಾಲ್ಯಾಗ ಓದಿದಂಗ:

"ಧೂಮಕೇತಿ. ಊರು: ಒಂದೇ ಕಡೆ ನಿಲ್ಲುವವಳಲ್ಲ. ಅಸ್ತ್ರ: ಸೀಟಿ. ಊದಿದರೆ ಎಂಥ ನೌಕೆಯೂ ನಿಲ್ಲುತ್ತದೆ. ದೌರ್ಬಲ್ಯ: ಬಾಯಿ ಜೋರು. ಮರಳಿ ಬಂದದ್ದು: ಪ್ರತಿ ಸಲ."

ಪುಸ್ತಕ ಮುಚ್ಚಿದ್ಲು. ಯಾರಿಗಂತ ಹೇಳ್ಲಿಲ್ಲ. ನಾನೂ ಕೇಳಲಿಲ್ಲ. ಒಂದು ಸಲ ಬಾಯಿ ಬಿಟ್ಟು ಕೆಟ್ಟೇನಿ. ಆದ್ರ ಆಕಿ ಓದಿದ್ದನ್ನ ಒಂದಕ್ಷರ ಬಿಡದ ಇಲ್ಲೆ ಬರದಿಟ್ಟೇನಿ.

೧೫ ಸೆಪ್ಟೆಂಬರ್, ಸೋಮವಾರ, ಮುಂಜಾನೆ

ಮತ್ತ ಮಮದಾಪುರ ಡ್ಯೂಟಿ. ನಿನ್ನೆ ರವಿವಾರ ಏನೂ ಆಗ್ಲಿಲ್ಲ. "ಚಾ ಕೊಡ್ರಿ" ಅಂದ್ಲು, ಕೊಟ್ಟೆ. ಇರ್ಲಿ. ಮಗ್ಗಲಾಗ ಬಂದು ಕುಂತ ಓದಿದಳಲ್ಲ, ಅಷ್ಟು ಸಾಕು ನನಗ. ಖಾಕಿ ಇನ್ನೂ ಪೂರ್ತಿ ಒಣಗಿಲ್ಲ, ಅದನ್ನ ಹಾಕ್ಕೊಂಡೇನಿ. ಸೀಟಿ ಎಲ್ಲೆ ಇಟ್ಟೆ ಅಂತ ಇಡೀ ಮನಿ ಹುಡುಕಿದೆ, ಸಿಗವಲ್ದು. ಅಣ್ಣನ ಕಡೆ ಇನ್ನೊಂದು ಇರತೈತಿ.

ಕಟ್ಟಿ ಮ್ಯಾಲ ಯಾರೋ ಸೀಟಿ ಊದಾಕತ್ತಾರ. ಪೂನಮ. ಇಡೀ ಓಣಿ ಎಬ್ಬಸತಾಳ ಈ ಹುಡುಗಿ. ಈಗ ಒದರಾಕತ್ತಾಳ —

"ಏ ಧೂಮಕೇತಿ, ಸೀಟಿ ಬ್ಯಾಡೇನ? ಸಂಜಿಕೆ ಎಷ್ಟಕ್ಕ ಬರ್ತಿ?"

ಎಂಟಕ್ಕ ಅಂತ ಹೇಳಿ ಬರ್ತೇನಿ, ಉಳದದ್ದು ಆಮ್ಯಾಲ.