ಗಾಜಿನ ತಳದ ದೋಣಿ

ಅಕ್ಕಾ,

ದ್ವೀಪದಲ್ಲಿ ಇವತ್ತು ಗಾಜಿನ ತಳದ ದೋಣಿ ಹತ್ತಿದೆವು. ಕಾಲಡಿಯಲ್ಲೇ ಹಳದಿ, ನೀಲಿ ಮೀನುಗಳ ಸಂತೆ! ನಾವೆಲ್ಲ ಬಗ್ಗಿ ನೋಡುತ್ತಿದ್ದರೆ ನಮ್ಮವರು ಮಾತ್ರ ದೋಣಿಯವನನ್ನು, "ನೀನು ನೋಡಿದ್ದೀಯೇನಪ್ಪಾ ಇದನ್ನ?" ಎಂದು ಕೇಳಿದರು.

"ಎಲ್ಲಿ ಸಾರ್, ಹನ್ನೆರಡು ವರ್ಷದಿಂದ ಎದುರಿನ ಬಂಡೆ ನೋಡೋದೇ ಆಯ್ತು."

ಮೂವತ್ತು ವರ್ಷ ಟೂರಿಸ್ಟ್ ಬಸ್ ಓಡಿಸಿದವರಲ್ಲವೇ, ಇವರಿಗೆ ಕರುಳು ಚುರ್ರೆಂದಿತು. "ಕೊಡಿಲ್ಲಿ ಹುಟ್ಟು, ಹೋಗಿ ಕೂತ್ಕೊ" ಎಂದು ಕಿತ್ತುಕೊಂಡರು. ದೋಣಿ ಇದ್ದಲ್ಲೇ ಗಿರಗಿರ ಸುತ್ತಿತು. ಅವನು ಬೋರಲು ಮಲಗಿ, ಗಾಜಿಗೆ ಮೂಗು ಒತ್ತಿ, ಮಗುವಿನಂತೆ ನಕ್ಕ.

ಇವರ ಅಂಗೈ ತುಂಬ ಬೊಬ್ಬೆ, ಮುಲಾಮು ಹಚ್ಚಿದ್ದೇನೆ. ನಾವು ಬಂದಾಗ ಮೀನು ಹೇಗಿತ್ತೆಂದು ಇವರನ್ನು ಕೇಳಬೇಡ. ಇಲ್ಲೂ ಎದುರಿಗೇ ನೋಡಿಕೊಂಡು ಕೂತಿದ್ದರು.

ಕಾರ್ಡು ತುಂಬಿತು.
ನಿನ್ನ ತಂಗಿ